ಪೂಜೆಯ ತಟ್ಟೆಯಲ್ಲಿದ್ದ ಗುಳಿಗೆ

ರಾಮದುರ್ಗದ ನಮ್ಮ ಸೀರೆ ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಾಗಲೇ ನನ್ನ ಗಂಡನ ಅಣ್ಣ ಎದೆ ಹಿಡಿದುಕೊಂಡು ಕುಸಿದರು. ದವಾಖಾನೆ ಮುಟ್ಟಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತಿದು. ಅಂದಿನಿಂದ ನಮ್ಮವರಿಗೆ ಒಂದೇ ಚಿಂತೆ, ಅಣ್ಣನ ಹಾದಿಯೇ ತನ್ನದೂ ಎಂದು. ದಿನಕ್ಕೊಂದು ಆಸ್ಪಿರಿನ್ ನುಂಗಿದರೆ ಹೃದಯಕ್ಕೆ ಒಳ್ಳೆಯದೆಂದು ಬೈಲಹೊಂಗಲದ ಬೀಗರು ಹೇಳಿದರು. ಊರ ಡಾಕ್ಟರು ಮಾತ್ರ ಹಿಂದೆಮುಂದೆ ನೋಡಿದರು.

"ನಿಮಗ ಇನ್ನೂ ಏನೂ ಆಗಿಲ್ಲ. ಗುಳಿಗಿ ರಕ್ತ ಹೆಪ್ಪುಗಟ್ಟದಂಗ ತಡೀತೈತಿ ಖರೆ, ಆದ್ರ ಹೊಟ್ಟ್ಯಾಗ ರಕ್ತ ಸೋರೂ ಭಯಾನೂ ಐತಿ. ವಿಚಾರ ಮಾಡ್ರಿ. ತಗೊಂಡ್ರ ಊಟ ಆದ ಮ್ಯಾಲೆ ತಗೋರಿ."

ನಮ್ಮವರಿಗೆ ವಿಚಾರ ಮಾಡುವಷ್ಟು ಪುರುಸೊತ್ತೆಲ್ಲಿ? ಮರುದಿನವೇ ಶುರು. ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆಯ ತಟ್ಟೆಯಲ್ಲಿ ಹೂವಿನ ಪಕ್ಕ ಗುಳಿಗೆ ಇಟ್ಟು, ಇಷ್ಟಲಿಂಗಕ್ಕೆ ಅರ್ಪಿಸಿ, ಪಾದೋದಕದ ಜೊತೆ ನುಂಗುವುದು. ಬರಿಹೊಟ್ಟೆಯಲ್ಲಿ ಬೇಡವೆಂದರೆ, "ಪ್ರಸಾದ ಆದ ಮ್ಯಾಲೆ ಅದೇನ ಮಾಡ್ತೈತಿ?" ಅನ್ನುತ್ತಿದ್ದರು. ದೇವರಿಗೂ ಗುಳಿಗೆ ತಿನ್ನಿಸಿದ ಭಕ್ತರು ಇವರೊಬ್ಬರೇ ಇರಬೇಕು. ಶ್ರಾವಣ ಬಂತು, ತಿಂಗಳು ಪೂರ್ತಿ ಒಪ್ಪತ್ತು. ಗುಳಿಗೆ ಬೆಳಿಗ್ಗೆ, ಊಟ ಸಂಜೆ. ಹೇಳಿ ಹೇಳಿ ನನಗೇ ಸಾಕಾಯಿತು.

ಶ್ರಾವಣ ಮುಗಿಯುವ ಮೊದಲೇ ರಕ್ತ ಕಾರಿಕೊಂಡರು. ಬೆಳಗಾವಿಗೆ ಒಯ್ದು, ರಕ್ತ ಏರಿಸಿ ಉಳಿಸಿಕೊಂಡು ಬಂದೆವು. ಅಲ್ಲಿಯ ಡಾಕ್ಟರು ಗುಳಿಗೆ ಬಂದ್ ಮಾಡಿಸಿದರು. ಮತ್ತೆ ತೆಗೆದುಕೊಂಡರೆ ಮತ್ತೆ ಹೀಗಾಗಬಹುದು, ಬಿಟ್ಟರೆ ಹೃದಯಕ್ಕೇನೂ ಆಗುವುದಿಲ್ಲವೆಂಬ ಖಾತ್ರಿ ಕೊಡಲಾರೆ ಎಂದರು.

ಹೊಟ್ಟೆಯಲ್ಲಾಗಿದ್ದ ಹುಣ್ಣು ಮಾಯ್ದ ಮೇಲೆ ಒಂದು ಮಧ್ಯಾಹ್ನ ಅಂಬಲಿಯ ಬಟ್ಟಲು ಹಿಡಿದುಕೊಂಡು ಕೇಳಿದರು: "ಇನ್ನ ಆ ಗುಳಿಗಿ ತಗೊಳ್ಳೋದೋ, ಬಿಡೋದೋ? ನನಗ ತಿಳೀವಲ್ದು. ನೀನ ಹೇಳು."

ಅಂಗಡಿಗೆ ತರುವ ಸೀರೆಯಿಂದ ಹಿಡಿದು ಮಗಳಿಗೆ ನೋಡಿದ ವರನವರೆಗೆ ನನ್ನನ್ನೊಂದು ಮಾತೂ ಕೇಳದವರು ಕೇಳಿದ್ದು ಇದನ್ನು! ಮೈಯೆಲ್ಲ ಉರಿಯಿತು. ಆದರೆ ಅವರು ಅಂಬಲಿ ಕುಡಿಯದೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಿಡ್ರಿ," ಅಂದೆ.

ಬಿಟ್ಟೇಬಿಟ್ಟರು. ಮಗುವಿನ ಹಾಗೆ ನಿಶ್ಚಿಂತರಾದರು, ಕದ್ದು ಕದ್ದು ರಂಜಕದ ಚಟ್ನಿಯನ್ನೂ ತಿನ್ನತೊಡಗಿದರು. ಖಾರ ಹೆಚ್ಚಾಗಿ ಎದೆ ಉಜ್ಜಿಕೊಂಡರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಂಗಡಿಯಿಂದ ಬರುವುದು ತುಸು ತಡವಾದರೂ ಬಾಗಿಲಲ್ಲೇ ನಿಂತು ಬೈಯುತ್ತಿದ್ದೆ.

"ಯಾಕ, ಇತ್ಲಾಗ ಭಾಳ ಸಿಟ್ಟಿಗೇಳಾಕತ್ತಿ?" ಎಂದು ನಗುತ್ತಿದ್ದರು.

ನಾಳೆ ನಿಮಗೇನಾದರೂ ಆದರೆ, ಗುಳಿಗೆ 'ಬಿಡ್ರಿ' ಅಂದವಳು ನಾನೇ ಎಂದು ಅವರಿಗೆ ಹೇಗೆ ಹೇಳಲಿ? ಒಳಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ.