ರೊಟ್ಟಿ ತಿಂದು ಬೆಳೆದ ನಾಯಿ

ಆ ಸಂಜೆ ನನ್ನ ಗಂಡ ಫ್ಯಾಕ್ಟರಿಯಿಂದ ಬರುವಾಗ ಸ್ಕೂಟರಿನಲ್ಲಿ ಕಾಲ ಬಳಿ ಒಂದು ಗೋಣಿಚೀಲ ಇಟ್ಟುಕೊಂಡು ಬಂದಿದ್ದರು. ವೈಟ್‌ಫೀಲ್ಡಿನ ಕಡೆಯಿಂದ ಆಗಾಗ ತೋಟದ ತರಕಾರಿ ತರುವುದಿತ್ತು. ಹೂಕೋಸು ಇರಬೇಕೆಂದು ನಾನು ಮೊರ ಹಿಡಿದುಕೊಂಡೇ ಹೊರಗೆ ಬಂದೆ. ಚೀಲ ಬಿಚ್ಚಿದರೆ ಎರಡು ನಾಯಿಮರಿಗಳು ಉರುಳಿಕೊಂಡು ಹೊರಬಂದವು. ನಾನು ಮೊರ ಅಲ್ಲೇ ಬಿಟ್ಟು ಅಡುಗೆಮನೆ ಸೇರಿದೆ. ಮೊದಲಿನಿಂದಲೂ ನನಗೆ ನಾಯಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು.

ಮರಿಗಳ ತಾಯಿ ವೈಟ್‌ಫೀಲ್ಡಿನ ಹಳೆಯ ಬಂಗಲೆಯೊಂದರ ಅಲ್ಸೇಶಿಯನ್. ತಂದೆ ಯಾರೆಂದು ಬಂಗಲೆಯವರಿಗೂ ತಿಳಿಯದು; ಕಾಂಪೌಂಡ್ ಹಾರಿ ಬಂದ ಯಾವುದೋ ಬೀದಿನಾಯಿ ಇರಬೇಕು. ಕ್ರಾಸ್ ಮರಿಗಳೆಂದು ಪುಕ್ಕಟೆಯಾಗಿ ಕೊಟ್ಟಿದ್ದರು. ಒಂದು ನಮಗೆ, ಇನ್ನೊಂದು ಪೀಣ್ಯದಲ್ಲಿದ್ದ ನನ್ನ ನಾದಿನಿಗೆ ಎಂದು ಅವಳ ಅಣ್ಣನಾದ ಇವರು ಆಗಲೇ ಹಂಚಿಯೂ ಆಗಿತ್ತು. ಮನೆಯ ಹೆಂಗಸರನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ನಾವು ಪಟ್ಟಂದೂರು ಅಗ್ರಹಾರದಲ್ಲಿ, ಓನರಮ್ಮನ ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗೆ ಇದ್ದೆವು. ಆಚೆಗೆ ಐ.ಟಿ. ಕಟ್ಟಡಗಳು ಏಳುತ್ತಿದ್ದವು, ಲಾರಿಗಳ ಧೂಳಿಗೆ ಒಣಗಹಾಕಿದ ಬಟ್ಟೆ ಒಣಗುವ ಮೊದಲೇ ಕೊಳೆಯಾಗುತ್ತಿತ್ತು. ಮನೆಯಲ್ಲಿ ನಾನು, ನನ್ನ ಗಂಡ ಮತ್ತು ಅತ್ತೆ. ಅತ್ತೆ ರಾಣೆಬೆನ್ನೂರು ಕಡೆಯವರು. ದಿನಕ್ಕೆರಡು ಸಲ ಲಿಂಗಪೂಜೆ ಮಾಡಿಕೊಳ್ಳದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ನಾಯಿಯನ್ನು ಅವರು ಖಂಡಿತ ಹೊರಗೆ ಹಾಕಿಸುತ್ತಾರೆ ಎಂಬ ಧೈರ್ಯ ನನಗಿತ್ತು. ಅತ್ತೆ ಮರಿಯನ್ನು ಎತ್ತಿ ತಿರುಗಿಸಿ ನೋಡಿದರು, ಕಿವಿ ಹಿಡಿದು ನೋಡಿದರು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು.

“ಇರಲಿ ಬಿಡು, ಪಾಪ. ಆದ್ರ ನಾವು ಉಂಡದ್ದನ್ನ ಇವನೂ ಉಣಬೇಕು. ಎಲುಬಿನ ತುಂಡು ಈ ಮನಿ ಕಟ್ಟಿಗೆ ಬಂದ ದಿನ ಇವ ಹೊರಗ,” ಎಂದರು.

ಹೀಗೆ ಅವನು ನಮ್ಮವನಾದ. ಅತ್ತೆ ಅವನನ್ನು ‘ತಮ್ಮಾ’ ಎಂದು ಕರೆಯುತ್ತಿದ್ದರು, ನಾವೂ ಅದನ್ನೇ ಅಂದೆವು. ಮೊದಲ ದಿನಗಳಲ್ಲಿ ನಾನು ಅವನ ತಟ್ಟೆಯನ್ನು ಕೋಲಿನಿಂದ ಮುಂದಕ್ಕೆ ತಳ್ಳುತ್ತಿದ್ದೆ. ಅವನು ಬೆಳೆದ ಪರಿಯೋ, ಪ್ರತಿ ವಾರ ಬೇರೆ ನಾಯಿ ತಂದಿಟ್ಟಂತಿತ್ತು. ಕಾಲು ಮೊದಲು ಬೆಳೆಯಿತು, ಆಮೇಲೆ ತಲೆ. ಅಷ್ಟು ದೊಡ್ಡ ಶರೀರದಲ್ಲಿ ಧೈರ್ಯ ಮಾತ್ರ ಹಿಡಿಯಷ್ಟು. ಕುಕ್ಕರ್ ಸೀಟಿ ಹಾಕಿದರೆ ಓಡಿ ಬಂದು ನನ್ನ ಸೀರೆಯೊಳಗೆ ತಲೆ ತೂರಿಸುತ್ತಿದ್ದ. ನನಗೆ ಅವನ ಹೆದರಿಕೆ, ಅವನಿಗೆ ಕುಕ್ಕರಿನ ಹೆದರಿಕೆ. ಇಬ್ಬರೂ ಒಲೆಯ ಮುಂದೆ ನಡುಗುತ್ತಾ ನಿಂತಿರುತ್ತಿದ್ದೆವು. ಒಂದು ದಿನ ನನ್ನ ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. ಅಂದಿನಿಂದ ನಾನು ಎಲ್ಲಿ ನಿಂತರೂ ಬಂದು ಮೈಯ ಭಾರವನ್ನೆಲ್ಲ ನನ್ನ ಕಾಲಿಗೆ ಒರಗಿಸಿ ನಿಲ್ಲುವುದು ಅವನ ರೂಢಿಯಾಯಿತು. ಮಧ್ಯಾಹ್ನ ಅವನು ಕಾಣದಿದ್ದರೆ ನನಗೆ ಕೆಲಸ ಓಡುತ್ತಿರಲಿಲ್ಲ.

ಊಟದ ವಿಷಯಕ್ಕೆ ಮಾತ್ರ ಅವನು ಸುಖವಾಗಿರಲಿಲ್ಲ. ಜೋಳದ ರೊಟ್ಟಿ, ನೀರುಹಾಲು, ಮಜ್ಜಿಗೆ ಅನ್ನ. ಅತ್ತೆಯ ಮುಂದೆ ಮರ್ಯಾದೆಯಿಂದ ರೊಟ್ಟಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿದ್ದ. ನುಗ್ಗೆ ಗಿಡದ ಬುಡ ಅಗೆದಾಗ ಮಣ್ಣಿನಡಿಯಲ್ಲಿ ರೊಟ್ಟಿಗಳ ರಾಶಿಯೇ ಸಿಕ್ಕಿತು. “ನಮ್ಮ ಕಡಿಯವನ ಬಿಡು, ರೊಟ್ಟಿ ಕೂಡಿಡ್ತಾನ,” ಎಂದು ನನ್ನ ಗಂಡ ನಕ್ಕರು. ಪಕ್ಕೆಲುಬು ಎಣಿಸುವ ಹಾಗಿದ್ದ ಮರಿಯನ್ನು ನೋಡಿ ನನಗೆ ನಗು ಬರಲಿಲ್ಲ.

ನಾಲ್ಕೈದು ತಿಂಗಳಿನವನಿದ್ದಾಗ ಒಂದು ಮಧ್ಯಾಹ್ನ ಅವನನ್ನು ಹುಡುಕುತ್ತಾ ಓನರಮ್ಮನ ಹಿತ್ತಿಲಿಗೆ ಹೋದೆ. ಅವರು ಒಕ್ಕಲುತನದವರು, ಮನೆಯಲ್ಲಿ ಮಾಂಸದಡುಗೆ ಮಾಮೂಲು. ಬಚ್ಚಲ ಕಲ್ಲಿನ ಪಕ್ಕ ನಮ್ಮ ತಮ್ಮ ಅಲ್ಯೂಮಿನಿಯಂ ಬೋಗುಣಿಯೊಳಗೆ ಮೂತಿ ಇಟ್ಟುಕೊಂಡಿದ್ದ. ಎಲುಬು ಕಟಕಟ ಎನ್ನುತ್ತಿತ್ತು. ಓನರಮ್ಮ ಬೆಚ್ಚಿ, “ಅಯ್ಯೋ, ತಾನೇ ಬಂದ ಕಣಮ್ಮ. ನಾನೇನೂ ಕರೀಲಿಲ್ಲ. ಬ್ಯಾಡ ಅಂದ್ರೆ ನಾಳೆಯಿಂದ ಇಕ್ಕಕ್ಕಿಲ್ಲ,” ಎಂದಳು.

ಬೇಡ ಎನ್ನಲು ಬಾಯಿ ತೆರೆದೆ. ತಮ್ಮ ತಲೆ ಎತ್ತಿ ನನ್ನನ್ನು ನೋಡಿ ಬಾಲ ಆಡಿಸಿದ, ಮತ್ತೆ ಬೋಗುಣಿಗೆ ಬಾಯಿ ಹಾಕಿದ. ಅವನು ಹಾಗೆ ಉಣ್ಣುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. “ಅತ್ತೆಗೆ ಗೊತ್ತಾಗಬಾರದು ನೋಡಿ,” ಎಂದಷ್ಟೇ ಹೇಳಿದೆ. ತಿಂದಾದ ಮೇಲೆ ನಾನೇ ಅವನ ಮೂತಿ ತೊಳೆದು ಕರೆದುಕೊಂಡು ಬಂದೆ. ಮರುದಿನ ಓನರಮ್ಮನಿಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕೊಟ್ಟೆ. ಗಂಡನಿಗೆ ಹೇಳಿದರೆ, “ನನಗೇನೂ ಗೊತ್ತಿಲ್ಲ, ನೀನೂ ಏನೂ ಹೇಳಿಲ್ಲ,” ಎಂದು ಪೇಪರ್ ಮೇಲೆತ್ತಿಕೊಂಡರು.

ಮೂರು ತಿಂಗಳಲ್ಲಿ ತಮ್ಮ ಮಿರಮಿರ ಮಿಂಚತೊಡಗಿದ. ಎದೆ ಅಗಲವಾಯಿತು, ಗೇಟಿನ ಹತ್ತಿರ ನಿಂತರೆ ಗ್ಯಾಸ್ ಸಿಲಿಂಡರಿನವನು ರಸ್ತೆಯಿಂದಲೇ ಕೂಗು ಹಾಕುತ್ತಿದ್ದ. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಬೆಳಗಿನ ಪೂಜೆ ಮುಗಿಯುವವರೆಗೂ ಅವನು ದೇವರ ಕೋಣೆಯ ಹೊಸ್ತಿಲಾಚೆ ಕೂತಿರುತ್ತಿದ್ದ. ಮುಗಿದ ಮೇಲೆ ಅತ್ತೆ ಅವನ ಹಣೆಗೂ ವಿಭೂತಿ ಹಚ್ಚುತ್ತಿದ್ದರು. ಊರಿನಿಂದ ಬಂದ ನೆಂಟರೆಲ್ಲರ ಮುಂದೆ ಅವನನ್ನು ಕರೆದು ನಿಲ್ಲಿಸಿ, “ಹೋದ ಜನ್ಮದಾಗ ಯಾರೋ ಶರಣ ಇರಬೇಕ ಇವ. ಬರೀ ರೊಟ್ಟಿ ಮ್ಯಾಲ ಹೆಂಗ ಬೆಳದಾನ ನೋಡ್ರಿ,” ಎನ್ನುತ್ತಿದ್ದರು. ನೆಂಟರು ಹೌದು ಹೌದು ಎನ್ನುವರು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುವೆ. ಅವನ ನಾಲಿಗೆ ಅತ್ತೆಯ ಪೂಜೆಯ ಕೈಯನ್ನು ನೆಕ್ಕುವಾಗ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಈ ಪಾಪ ನನ್ನ ತಲೆಗೇ ಸುತ್ತಿಕೊಳ್ಳುವುದು ಎಂದುಕೊಳ್ಳುತ್ತಿದ್ದೆ. ಪಾಪ ಯಾವ ಕಡೆಯಿಂದ ಬರುತ್ತಿದೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ಅತ್ತೆ ಇದನ್ನೆಲ್ಲ ಪೀಣ್ಯದ ಮಗಳಿಗೂ ಹೇಳುತ್ತಿದ್ದರು. ನಾದಿನಿಯ ಮನೆ ಕಾರ್ಖಾನೆಗಳ ನಡುವೆ, ಬಿಸಿಲು ಬೀಳದ ಓಣಿಯಲ್ಲಿ. ಅಲ್ಲಿ ಎಲುಬು ಸಿಗುವ ಹಿತ್ತಿಲೂ ಇರಲಿಲ್ಲ, ಓನರಮ್ಮನೂ ಇರಲಿಲ್ಲ. ತಾಯಿ ಹೇಳಿದ ಹಾಗೆ ಅವಳು ಅಚ್ಚುಕಟ್ಟಾಗಿ ರೊಟ್ಟಿ ಹಾಲು ಹಾಕಿದಳು. ಆ ಮರಿಗೆ ಒಂಬತ್ತು ತಿಂಗಳಾಗುವಷ್ಟರಲ್ಲಿ ಮುಂಗಾಲು ಸೊಟ್ಟಗಾದವು.

ನಮಗೆ ಬರುವ ಫೋನು ಓನರಮ್ಮನ ನಡುಮನೆಗೆ ಬರುತ್ತಿತ್ತು. “ಪೀಣ್ಯದಿಂದ ಫೋನ್ ಬಂದೈತೆ ಕಣಮ್ಮೋ,” ಎಂದು ಅವಳು ಕೂಗಿದಾಗ ನಾನೂ ಅತ್ತೆಯೂ ಇಬ್ಬರೂ ಹೋದೆವು. ನಾನು ರಿಸೀವರ್ ಎತ್ತಿಕೊಂಡೆ. ನಾದಿನಿ ಅಳುದನಿಯಲ್ಲಿದ್ದಳು. ಮರಿಯನ್ನು ಪಶು ಆಸ್ಪತ್ರೆಗೆ ಒಯ್ದಿದ್ದಳಂತೆ. ದೊಡ್ಡ ಜಾತಿಯ ಮರಿ, ಬೆಳೆಯುವ ಕಾಲದಲ್ಲಿ ಎಲುಬಿಗೆ ಬೇಕಾದದ್ದು ಸಿಕ್ಕಿಲ್ಲ, ಮೊಟ್ಟೆ ಮಾಂಸ ಹಾಕಿ ಎಂದಿದ್ದರಂತೆ ಡಾಕ್ಟರು.

“ವೈನಿ, ನೀವ ಹೇಳ್ರಿ. ನಿಮ್ಮವ ಬರೀ ರೊಟ್ಟಿ ತಿಂದ ಅಷ್ಟ ಬೆಳದಾನಲ್ಲ? ಅವ್ವ ನೋಡಿದ್ರ ಬ್ಯಾಡ ಅಂತಾಳ. ಡಾಕ್ಟರ್ ಸುಮ್ಮನ ಹೇಳ್ತಾರೇನ್ರಿ?”

ಅತ್ತೆ ನನ್ನ ಪಕ್ಕದಲ್ಲೇ ರಿಸೀವರಿಗೆ ಕೈ ಚಾಚಿ ನಿಂತಿದ್ದರು. ನಮ್ಮ ಹಿಂದೆಯೇ ಬಂದ ತಮ್ಮ ನನ್ನ ಕಾಲಿಗೆ ಒರಗಿಕೊಂಡಿದ್ದ. ನಿಜ ಹೇಳಿದರೆ ಇವನು ಇವತ್ತೇ ಹೊರಗೆ, ಅದೊಂದೇ ನನ್ನ ತಲೆಯಲ್ಲಿದ್ದದ್ದು.

“ಹೂಂ, ರೊಟ್ಟಿನೇ. ಒಂದೊಂದರ ಮೈಗುಣ ಒಂದೊಂದು ಥರ ಇರತದ,” ಎಂದು ಹೇಳಿ ರಿಸೀವರನ್ನು ಅತ್ತೆಗೆ ಕೊಟ್ಟೆ. ಅತ್ತೆ ಮಗಳಿಗೆ, “ನೀ ಪೂಜಿ ಸರಿಯಾಗಿ ಮಾಡಂಗಿಲ್ಲ, ಅದಕ್ಕ ಹಿಂಗ,” ಎಂದು ಬೈದರು. ನಾನು ಹಿತ್ತಿಲ ಬಾಗಿಲಿನಿಂದ ಹೊರಬಂದೆ.

ಹಾಲು ತರಲು ಹೋಗುವ ದಾರಿಯಲ್ಲಿ ಫೋನ್ ಬೂತ್ ಇತ್ತು. ಅತ್ತೆ ಜೊತೆಗಿಲ್ಲದ ಹೊತ್ತಿನಲ್ಲಿ ಅಲ್ಲಿಂದ ಒಂದು ಮಾತು ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡು ದಿನಾ ಆ ಬೂತನ್ನು ದಾಟಿದೆ. ನಾದಿನಿಯ ಬಾಯಿಂದ ಅದು ಅತ್ತೆಗೆ ಹೋಗುತ್ತದೆ ಎಂಬ ಭಯ. ನನ್ನ ನಾಯಿ ಉಳಿಯಬೇಕು, ಅಷ್ಟೆ. ಅವಳ ನಾಯಿ ಕಣ್ಣಿಗೆ ಕಾಣದ ಪೀಣ್ಯದಲ್ಲಿತ್ತು.

ಎರಡು ತಿಂಗಳಾದ ಮೇಲೆ ನಾದಿನಿ ಅದನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಆಟೋದಿಂದ ಕೆಳಗಿಳಿಸಿದಾಗ ನೋಡಿದೆ. ಅದೇ ಮುಖ, ಅದೇ ಜೋಲು ಕಿವಿ. ಮುಂಗಾಲುಗಳು ಮಾತ್ರ ಹೊರಕ್ಕೆ ಬಾಗಿ, ಮೈ ನೆಲಕ್ಕೆ ಜಗ್ಗಿತ್ತು. ಎರಡು ಹೆಜ್ಜೆ ಇಟ್ಟು ಕೂತುಕೊಳ್ಳುವುದು, ಮತ್ತೆ ಎರಡು ಹೆಜ್ಜೆ. ನಮ್ಮ ತಮ್ಮ ಅದರ ಸುತ್ತ ಕುಣಿಯುತ್ತಿದ್ದ, ಆಡಲು ಕರೆಯುತ್ತಿದ್ದ. ಅತ್ತೆ ಎರಡನ್ನೂ ನೋಡಿ, ಬಾಗಿದ ಕಾಲುಗಳನ್ನು ಸವರಿದರು. ಆಮೇಲೆ, “ಇವನನ್ನ ಇಲ್ಲೇ ಬಿಟ್ಟು ಹೋಗು. ನನ್ನ ಕೈಯಾಗ ಇವನೂ ಸುಧಾರಿಸ್ತಾನ,” ಎಂದರು.

ಅಂದಿನಿಂದ ಅತ್ತೆ ಅದಕ್ಕೆ ಎಣ್ಣೆ ಕಾಸಿ ಕಾಲು ನೀವುತ್ತಿದ್ದರು. ನಾನು ಮಧ್ಯಾಹ್ನ ಅವರು ಮಲಗಿದ ಮೇಲೆ ಅದನ್ನು ಎತ್ತಿಕೊಂಡು ಓನರಮ್ಮನ ಹಿತ್ತಿಲಿಗೆ ಹೋಗುತ್ತಿದ್ದೆ. ಮೈ ತುಂಬಿಕೊಂಡಿತು, ಕಣ್ಣಿಗೆ ಕಳೆ ಬಂತು. ಕಾಲು ಸೊಟ್ಟಗಾದದ್ದು ಹಾಗೇ ಉಳಿಯಿತು. ನಾನೂ ಅದರ ಕಾಲು ನೀವಿ ನೋಡಿದೆ. ಎಳೆಯದಿದ್ದಾಗ ಬಗ್ಗಿದ್ದು ಬಗ್ಗಿಯೇ ಗಟ್ಟಿಯಾಗಿತ್ತು.

ಒಂದು ಮಧ್ಯಾಹ್ನ ಅತ್ತೆಗೆ ನಿದ್ದೆ ಬರಲಿಲ್ಲ. ಎಣ್ಣೆ ಬಟ್ಟಲು ಹಿಡಿದು ಅದನ್ನು ಹುಡುಕುತ್ತಾ ಹಿತ್ತಿಲಿಗೇ ಬಂದರು. ಎರಡು ನಾಯಿಗಳೂ ಬೋಗುಣಿಗೆ ಮೂತಿ ಹಾಕಿದ್ದವು, ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಓನರಮ್ಮ ಏನು ಹೇಳಬೇಕೋ ತಿಳಿಯದೆ, “ಬೈಬ್ಯಾಡ ಅಜ್ಜಿ, ಒಟ್ಟೆಗೆ ಬೇಕಲ್ವಾ ಅವಕ್ಕೂ? ದೊಡ್ಡದು ಮರಿಯಿದ್ದಾಗಿನಿಂದ ಇಲ್ಲೇ ಉಣ್ತೈತೆ, ಯಾವ ಕೇಡೂ ಆಗಿಲ್ಲ,” ಎಂದುಬಿಟ್ಟಳು.

ಅತ್ತೆ ಆ ದೊಡ್ಡದನ್ನು ನೋಡಿದರು, ಕಾಲು ಸೊಟ್ಟಗಿದ್ದದ್ದನ್ನು ನೋಡಿದರು. ನನ್ನನ್ನು ನೋಡಲಿಲ್ಲ. ತಿರುಗಿ ಮನೆಗೆ ಹೋದರು. ನಾನು ಹಿಂದೆಯೇ ಓಡಿಹೋಗಿ ಅವರ ಕಾಲು ಹಿಡಿದುಕೊಂಡೆ.

“ತಪ್ಪಾತ್ರೀ ಅತ್ತಿ. ನಿಮ್ಮ ಮಡಿ ಕೆಡಿಸಿದೆ. ನಾಯಿ ಹೊರಗ ಹಾಕ್ತೀರಿ ಅಂತ ಅಂಜಿ...”

“ನನ್ನ ಮಡಿಗೆ ಏನಾಗೇತಿ?” ಎಂದರು ಅತ್ತೆ. ದನಿ ಏರಿಸಲಿಲ್ಲ. “ಎರಡು ತಂಬಿಗಿ ನೀರು ಹೊಯ್ಕೊಂಡ್ರ ಮಡಿ ಬರ್ತೈತಿ. ಅದರ ಕಾಲು ಬರ್ತಾವೇನ? ಅಕಿ ಫೋನಿನ್ಯಾಗ ಅತ್ತು ಕೇಳಿದಾಗರ ಹೇಳಬೇಕಿತ್ತಿಲ್ಲೋ? ನಾನೇನ್ ನಿನ್ನ ತಿಂತಿದ್ದೆನೇನ?”

ಇಷ್ಟು ದಿನ ಅವರ ಪೂಜೆಯ ಬಗ್ಗೆ ಹೆದರಿ ಹೆದರಿ ಸತ್ತಿದ್ದೆ. ಅವರು ಕೇಳಿದ್ದು ಪೂಜೆಯ ಮಾತೇ ಅಲ್ಲ. ಆ ಸಂಜೆ ಅವರು ಸ್ನಾನ ಮಾಡಿ ಎಂದಿನಂತೆ ಲಿಂಗಪೂಜೆಗೆ ಕೂತರು. ನಾಯಿಗಳು ಹೊಸ್ತಿಲಾಚೆ ಕೂತಿದ್ದವು, ಅತ್ತೆ ಏಳಿಸಲಿಲ್ಲ. ರಾತ್ರಿ ಊಟ ಬೇಡವೆಂದರು. ಮರುದಿನದಿಂದ ಬಂದವರ ಮುಂದೆ ನಾಯಿಯ ಸುದ್ದಿ ತೆಗೆಯುವುದನ್ನು ಬಿಟ್ಟರು.

ಆ ಭಾನುವಾರ ನಾದಿನಿ ಬಂದಳು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಪಡಸಾಲೆಯಿಂದ ಅತ್ತೆಯ ಮಾತು ಕೇಳಿಸಿತು.

“ನಂದ ತಪ್ಪವಾ. ನಮ್ಮ ದೊಡ್ಡದಕ್ಕ ಓನರಮ್ಮನ ಹಿತ್ತಲದಾಗ ಮಾಂಸ ಹಾಕ್ತಿದ್ರು, ನನಗ ಮೊದಲಿಂದ ಗೊತ್ತಿತ್ತು. ದೊಡ್ಡಸ್ತಿಕಿಗೆ ರೊಟ್ಟಿ ರೊಟ್ಟಿ ಅಂತ ಹೇಳ್ಕೊಂತ ಬಂದೆ. ನಿನ್ನ ನಾಯಿ ಕಾಲು ನಾನ ಹಾಳ ಮಾಡಿದೆ.”

ಸೋಸುತ್ತಿದ್ದ ಚಹಾ ಲೋಟದಿಂದ ಹೊರಗೆ ಚೆಲ್ಲಿತು. ಅತ್ತೆ ಸುಳ್ಳು ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ನಾದಿನಿ ಅತ್ತಳು, ತಾಯಿಯನ್ನು ಬಾಯಿಗೆ ಬಂದ ಹಾಗೆ ಅಂದಳು. ಅತ್ತೆ ಒಂದಕ್ಕೂ ಎದುರಾಡಲಿಲ್ಲ. ನಾಲ್ಕು ಹೆಜ್ಜೆ ಹೊರಗೆ ಬಂದು, ಅವರಿಗೇನೂ ಗೊತ್ತಿರಲಿಲ್ಲ, ಸುಳ್ಳು ಹೇಳಿದವಳು ನಾನು ಎಂದು ಹೇಳಬಹುದಿತ್ತು. ನಾನು ಲೋಟ ಒರೆಸಿ, ಚಹಾ ಮತ್ತೆ ತುಂಬಿಸಿ, ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದೆ.

ನಾದಿನಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. “ನಿಮ್ಮನ್ನೇನ್ ಅನ್ನಲಿ ವೈನಿ? ಅವ್ವನ ಅಂಜಿಕಿಗೆ ಪಾಪ ನೀವರ ಏನ್ ಹೇಳ್ತೀರಿ,” ಎಂದಳು.

ನಾನು ಹೌದೆನ್ನುವಂತೆ ತಲೆಯಾಡಿಸಿದೆ. ಅತ್ತೆ ಸೊಟ್ಟಗಾಲಿನದನ್ನು ತೊಡೆಗೆ ಒರಗಿಸಿಕೊಂಡು, ಚಹಾ ತಣ್ಣಗಾಗುತ್ತದೆ ಕುಡಿಯಿರಿ ಎಂದು ಇಬ್ಬರಿಗೂ ಹೇಳಿದರು.