ಶಹಾಬಾದಿನ ಅಂಗಳದಲ್ಲಿ ರಕ್ತದ ದಾರಿ

ಸೇಡಂನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದೆವು, ನಾನು ಮತ್ತು ನನ್ನ ಹೆಂಡತಿ ಸುಭದ್ರಾ. ಇಬ್ಬರ ಟಿಕೆಟೂ ಸೇರಿ ಒಂದು ಊಟಕ್ಕಿಂತ ಅಗ್ಗ. ಅವಳ ಹೃದಯದ ಎಡಭಾಗದ ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ಬದಲಿಸಲೇಬೇಕೆಂದು ಕಲಬುರಗಿಯ ಡಾಕ್ಟರು ಹೇಳಿ ತಿಂಗಳಾಗಿತ್ತು. ಎದೆ ಕೊಯ್ಯಿಸಿಕೊಳ್ಳಲು ಅವಳು ಸುತಾರಾಂ ಒಪ್ಪುತ್ತಿರಲಿಲ್ಲ. ಮೂವತ್ತು ವರ್ಷ ರಕ್ತಪರಿಚಲನೆಯ ಪಾಠ ಮಾಡಿದ ಮಾಸ್ತರ ನಾನು, ಮನೆಯಾಕೆಗೆ ತಿಳಿಸಿ ಹೇಳಲಾಗದೆ ಸೋತಿದ್ದೆ. ಅಷ್ಟರಲ್ಲಿ ಶಹಾಬಾದಿನಿಂದ ಹಳೆಯ ವಿದ್ಯಾರ್ಥಿ ಮೆಹಬೂಬ ಫೋನ್ ಮಾಡಿದ. ಈಗವನು ಕಲ್ಲು ಹಾಸುವ ಮೇಸ್ತ್ರಿ. ಶಾಲೆಯೊಂದರ ಅಂಗಳದಲ್ಲಿ ರಕ್ತದ ದಾರಿಯನ್ನೇ ಹಾಸಿದ್ದೇನೆ, ಬಂದು ನೋಡಿ ಎಂದ.

ಚಿತ್ತಾಪುರ ದಾಟುವಾಗ ಕಿಟಕಿಯಾಚೆ ತೊಗರಿ ಹೂಬಿಟ್ಟಿತ್ತು. ಸುಭದ್ರಾ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಬಿಚ್ಚಿದಳು. ವಾಡಿಯಲ್ಲಿ ಗಾಡಿ ಬದಲಿಸಲು ಮೇಲ್ಸೇತುವೆ ಏರುವಾಗ ಅರ್ಧಕ್ಕೇ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕವಾಟದ ಮಾತೆತ್ತಲು ನಾನು ಬಾಯಿ ತೆರೆದೆ.

"ಸುಮ್ನ ಕುಂದ್ರಿ. ಮತ್ತ ಪಾಠ ಚಾಲೂ ಮಾಡಬ್ಯಾಡ್ರಿ," ಎಂದಳು.

ಮೆಹಬೂಬ ವಿಜ್ಞಾನದಲ್ಲಿ ಎರಡು ಸಲ ಫೇಲಾದವ. ಶಾಲೆಯ ಅಂಗಳದಲ್ಲಿ ಅವನ ಕೆಲಸ ನೋಡಿ ನಾನು ಬೆರಗಾದೆ: ನೆಲದ ತುಂಬ, ಒಳಗೆ ನಡೆದಾಡುವಷ್ಟು ದೊಡ್ಡ ಹೃದಯದ ನಕ್ಷೆ. ಬಲಗಡೆಯ ಎರಡು ಕೋಣೆಗೆ ನೀಲಿ ಛಾಯೆಯ ಶಹಾಬಾದಿ ಕಲ್ಲು. ಅಲ್ಲಿಂದ ದಾರಿ ಶ್ವಾಸಕೋಶ ಸುತ್ತಿ, ಕೆಂಪು ಬಳಿದ ಕಲ್ಲಾಗಿ ಎಡಗಡೆಯ ಎರಡು ಕೋಣೆಗೆ ಬರುತ್ತಿತ್ತು. ಆಮೇಲೆ ತಲೆಗೂ ಕಾಲಿಗೂ ಕವಲೊಡೆದು, ಮತ್ತೆ ನೀಲಿಯಾಗಿ ಬಲಕ್ಕೆ. ಕೋಣೆಯಿಂದ ಕೋಣೆಗೆ ಕವಾಟದ ಜಾಗದಲ್ಲಿ ಒಂದೊಂದು ಹೊಸ್ತಿಲು, ರಕ್ತ ಹಿಂದಕ್ಕೆ ಬಾರದಂತೆ. ಇಬ್ಬರೂ ನಿಧಾನವಾಗಿ ಒಂದು ಸುತ್ತು ನಡೆದೆವು.

ನೀರು ಬಿಟ್ಟು ತೋರಿಸದೆ ಈ ಊರಿನ ಮೇಸ್ತ್ರಿ ನೆಲ ಒಪ್ಪಿಸುವುದಿಲ್ಲ. ಮೆಹಬೂಬ ಬಲಗಡೆಯ ಕೆಳಕೋಣೆಗೆ ಒಂದು ಕೊಡ ನೀರು ಸುರಿದು ಕಸಬಾರಿಗೆಯಿಂದ ಜೋರಾಗಿ ತಳ್ಳಿದ. ಹಿಂದಿನ ಹೊಸ್ತಿಲು ತಡೆಯಿತು. ನೀರು ಶ್ವಾಸಕೋಶದ ದಾರಿ ಹಿಡಿಯಿತು. ಎಡಗಡೆಯ ಕೆಳಕೋಣೆಯಿಂದ ತಳ್ಳಿದಾಗ ಮಾತ್ರ ಹೊಸ್ತಿಲಿನ ಮುರಿದ ಮೂಲೆಯಿಂದ ಅರ್ಧ ನೀರು ಮೇಲಿನ ಕೋಣೆಗೇ ವಾಪಸು ಹೋಯಿತು. ಮತ್ತೆ ತಳ್ಳಿದ, ಮತ್ತೆ ಹೋಯಿತು. ಮೂರನೆಯ ಸಲಕ್ಕೆ ಅವನೇ ದಣಿದ.

"ಮಕ್ಕಳು ಕುಣದು ಕಲ್ಲು ಒಡದಾರ್ರಿ ಸರ್," ಎಂದು ನಾಚಿದ. ಸುಭದ್ರಾಳ ಕಾಯಿಲೆಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಅವಳು ಆ ನೀರನ್ನೇ ನೋಡುತ್ತಿದ್ದಳು. "ಈಗ ಎಲ್ಲಾ ಕೀಳ್ತಿಯೇನಪಾ?"

"ಯಾಕ್ರಿ ಅಕ್ಕಾರ? ಇದೊಂದು ಕಲ್ಲು ತಗದು ಹೊಸಾದು ಕೂಡಸ್ತೀನ್ರಿ. ಬಾಕಿ ಎಲ್ಲಾ ಭಾಳ ಮಜಬೂತ್ ಅದ."

"ಹಂಗೇ ಬಿಟ್ಟರ?"

"ತಳ್ಳಾಂವ ಎಷ್ಟಂತ ತಳ್ತಾನ್ರಿ? ಒಂದಿನ ಬೀಳ್ತಾನ."

ಮಧ್ಯಾಹ್ನ ಸ್ಟೇಷನ್ನಿನಲ್ಲಿ ನಾನು ಸೇಡಂ ಟಿಕೆಟಿಗೆಂದು ಸಾಲಿನಲ್ಲಿ ನಿಂತಿದ್ದೆ. ಕಿಂಡಿಗೆ ಕೈ ಚಾಚುವಷ್ಟರಲ್ಲಿ ಸುಭದ್ರಾ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು.

"ಕಲಬುರಗಿಗೆ ತಗೋರಿ. ಡಾಕ್ಟರು ಇನ್ನೂ ದವಾಖಾನ್ಯಾಗ ಇರ್ತಾರ."