ಬಿಸಿನೀರಿಗೆ ಅದ್ದಿ ಕೊಟ್ಟ ಕಡ್ಡಿ

ನಮ್ಮ ಕಡೆ ಗಿಡದ ಕಡ್ಡಿ ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ದುಡ್ಡು ಕೇಳಿದರೆ ಇಲ್ಲ ಎನ್ನಬಹುದು, ಗಾಡಿ ಕೇಳಿದರೆ ಪಂಚರ್ ಎನ್ನಬಹುದು. ಅಂಗಳದಲ್ಲಿ ನಿಂತು ಇದರದ್ದೊಂದು ಕಡ್ಡಿ ಕೊಡಿ ಎಂದವರನ್ನು ಬರಿಗೈಯಲ್ಲಿ ಕಳಿಸಿದರೆ ಮಾತ್ರ ಆ ಮನೆಯ ಹೆಂಗಸಿನ ಹೆಸರು ಮೂಡಿಗೆರೆ ಸಂತೆಯವರೆಗೂ ಹೋಗುತ್ತದೆ. ಡೇರೆ, ದಾಸವಾಳ, ಆಂಥೂರಿಯಂ ಎಲ್ಲ ಎಸ್ಟೇಟಿನಿಂದ ಎಸ್ಟೇಟಿಗೆ ಹರಡಿದ್ದು ಹೀಗೆಯೇ.

ಗಿಡ ಮಾರಿ ಬದುಕುವವಳಿಗೆ ಇದಕ್ಕಿಂತ ದೊಡ್ಡ ಶತ್ರು ಬೇಕೆ? ಒಂದು ಗಿಡ ಮಾರಿದರೆ ಮುಂದಿನ ವರ್ಷ ಆ ಕೇರಿಯಲ್ಲಿ ಹತ್ತು ಗಿಡ ಇರುತ್ತವೆ, ಗಿರಾಕಿ ಒಬ್ಬರೂ ಇರುವುದಿಲ್ಲ. ನಾನು ಅದಕ್ಕೊಂದು ದಾರಿ ಕಂಡುಕೊಂಡಿದ್ದೆ. ಕೇಳಿದವರಿಗೆಲ್ಲ ಕಡ್ಡಿ ಕೊಡುತ್ತಿದ್ದೆ, ನಗುತ್ತಲೇ ಕೊಡುತ್ತಿದ್ದೆ. ಕೊಡುವ ಮೊದಲು ಬಚ್ಚಲಿಗೆ ಹೋಗಿ ಅದರ ಬುಡವನ್ನು ಹಂಡೆಯ ಬಿಸಿನೀರಿಗೆ ಅದ್ದಿ ತರುತ್ತಿದ್ದೆ.

ಕುದಿಯುವ ನೀರಲ್ಲ. ಕುದಿಯುವ ನೀರಿಗೆ ಹಾಕಿದರೆ ಕಾಂಡ ಬೆಂದ ಸೊಪ್ಪಿನ ಹಾಗಾಗಿ ಅಲ್ಲೇ ಸಿಕ್ಕಿಬೀಳುತ್ತೀರಿ. ಕೈ ಇಟ್ಟರೆ ತಟ್ಟನೆ ತೆಗೆಯಬೇಕು, ಅಷ್ಟು ಬಿಸಿ ಸಾಕು. ಕೆಳಗಿನ ಮೂರು ಗೆಣ್ಣು ಮುಳುಗಬೇಕು, ನಿಧಾನವಾಗಿ ನಲವತ್ತು ಎಣಿಸಬೇಕು. ಮೇಲಿನ ಎಲೆ ಎರಡು ದಿನ ಹಸಿರಾಗಿಯೇ ಇರುತ್ತದೆ. ಬೇರು ಮಾತ್ರ ಈ ಜನ್ಮದಲ್ಲಿ ಬರುವುದಿಲ್ಲ.

ನಾನು ಇದನ್ನು ಅತಿ ಹೆಚ್ಚು ಮಾಡಿದ್ದು ಬೇಸಿಲ್‌ಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿಯ ಶ್ರೀಮಂತ ನೆಂಟ. ಎಲೆ ಅಗಲ, ಘಾಟು ಕಡಿಮೆ, ಜಂಬ ಜಾಸ್ತಿ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ ನಮ್ಮ ಕೊಟ್ಟಿಗೆಹಾರದ ಸುತ್ತ ಹೋಂಸ್ಟೇಗಳು ಶುರುವಾದವು. ಅಲ್ಲಿಗೆ ಬರುವ ಜನರಿಗೆ ಕಡುಬಿನ ಜೊತೆ ಪಾಸ್ತಾ ಕೂಡ ಬೇಕಾಗಿತ್ತು. ಚಾರ್ಮಾಡಿ ದಾರಿಯ ಒಂದು ಹೋಂಸ್ಟೇಯ ಅಮ್ಮಾವ್ರು ಬೆಂಗಳೂರಿನಿಂದ ತರಿಸಿದ ಪ್ಯಾಕೆಟ್ಟಿನಲ್ಲಿ ಉಳಿದ ಆರು ಬಾಡಿದ ಕಡ್ಡಿಯನ್ನು ಮನೆಗೇ ಅಂಟಿಕೊಂಡಿದ್ದ ನನ್ನ ಗಿಡದ ಅಂಗಡಿಗೆ ತಂದು, ಈ ಜಾತಿ ನಿನ್ನ ಹತ್ತಿರ ಇದೆಯಾ ಎಂದು ಕೇಳಿದರು. ಇಲ್ಲ, ತರಿಸಿಕೊಡುತ್ತೇನೆ ಎಂದೆ. ಅವರು ಕಡ್ಡಿಯನ್ನು ಅಲ್ಲೇ ಬಿಟ್ಟು ಹೋದರು. ಜಾಮ್ ಬಾಟಲಿಯಲ್ಲಿ ನೀರು ತುಂಬಿಸಿ ಇಟ್ಟೆ. ಆರರಲ್ಲಿ ನಾಲ್ಕು ಬೇರು ಬಿಟ್ಟವು. ಒಂದೂವರೆ ತಿಂಗಳಿಗೆ ಅವರ ಕಡ್ಡಿಯ ಎಲೆಯನ್ನು ಅವರಿಗೇ ಮಾರಿದೆ. ಕಾಂಡ ಕೊಡುತ್ತಿರಲಿಲ್ಲ. ಎಲೆಯನ್ನು ಮಾತ್ರ ಬಿಡಿಸಿ, ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಿದ್ದೆ.

ನಮ್ಮ ಮಳೆಗೆ ಈ ಗಿಡ ಎರಡು ವಾರ ತಡೆಯುವುದಿಲ್ಲ, ಬುಡ ಕೊಳೆತು ಮಲಗಿಬಿಡುತ್ತದೆ. ಬೀಜ ಹಾಕಿದರೆ ಮೊಳಕೆಯಲ್ಲೇ ಹೋಗುತ್ತದೆ. ನನ್ನವು ಮಾತ್ರ ಬಚ್ಚಲೊಲೆಯ ಹಿಂದಿನ ಬೆಚ್ಚಗಿನ ಗೋಡೆಯ ಪಕ್ಕ, ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಳೆಗಾಲ ಕಳೆಯುತ್ತಿದ್ದವು. ಹೀಗಾಗಿ ಜೂನ್ ಬಂತೆಂದರೆ ಘಟ್ಟದ ಮೇಲೆ ಬೇಸಿಲ್ ಇದ್ದದ್ದು ನನ್ನ ಹತ್ತಿರ ಮಾತ್ರ. ಎರಡು ವರ್ಷ ಹಾಗೆ ನಡೆಯಿತು. ಅಮ್ಮಾವ್ರು ಚೌಕಾಸಿ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ, ಕೊನೆಗೆ ನಾನು ಹೇಳಿದ್ದೇ ಆಗುತ್ತಿತ್ತು. ಮೂರನೆಯ ಮಳೆಗಾಲಕ್ಕೆ ಅವರು ತಮ್ಮ ತೋಟ ನೋಡಿಕೊಳ್ಳಲು ಒಬ್ಬ ಮೇಸ್ತ್ರಿಯನ್ನು ಇಟ್ಟುಕೊಂಡರು.

ಆ ಮೇಸ್ತ್ರಿಯನ್ನು ನಾನು ಅದಕ್ಕೂ ಹದಿನೈದು ವರ್ಷ ಮೊದಲಿನಿಂದ ಬಲ್ಲೆ. ತೊಂಬತ್ತರ ಸುಮಾರಿಗೆ ವಸ್ತಾರೆ ಹತ್ತಿರದ ಎಸ್ಟೇಟೊಂದರ ನರ್ಸರಿಯಲ್ಲಿ ನಾನೂ ನನ್ನ ಅವ್ವನೂ ದಿನಗೂಲಿಗೆ ಸಸಿಯ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿಸುತ್ತಿದ್ದೆವು. ಅಲ್ಲಿ ಕಾಫಿ ಸಸಿಗೂ ಮೆಣಸಿನ ಬಳ್ಳಿಗೂ ಅವರೇ ಮೇಸ್ತ್ರಿ. ಉಳಿದ ಮೇಸ್ತ್ರಿಗಳು ಹೆಂಗಸರಿಗೆ ಮಣ್ಣು ತುಂಬಿಸುವುದು ಬಿಟ್ಟರೆ ಬೇರೇನೂ ಹೇಳಿಕೊಡುತ್ತಿರಲಿಲ್ಲ. ಇವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ಯುವುದು, ಎಷ್ಟು ಎಲೆ ಉಳಿಸುವುದು, ನೆರಳು ಎಷ್ಟು ಬೇಕು, ಎಲ್ಲ ಕಲಿಸಿದರು. ನನಗೆ ಅನ್ನ ಕೊಟ್ಟ ವಿದ್ಯೆ ಅದು. ಅವರ ಕೈಗುಣ ಎಂದರೆ ಸುತ್ತಮುತ್ತ ಹೆಸರುವಾಸಿ. ಮೇಸ್ತ್ರಿ ನೆಟ್ಟರೆ ಛತ್ರಿ ಕೋಲೂ ಚಿಗುರುತ್ತದೆ ಎಂದು ಆಳುಗಳು ತಮಾಷೆ ಮಾಡುತ್ತಿದ್ದರು. ಹೊಸ ತೋಟ ಹಾಕುವ ಸಾಹುಕಾರರು ಮೊದಲ ಸಸಿಯನ್ನು ಅವರ ಕೈಯಿಂದಲೇ ನೆಡಿಸುತ್ತಿದ್ದರು.

ಅವರು ಈಗ ನನ್ನ ಅಂಗಡಿಯ ಮುಂದೆ ನಿಂತಿದ್ದರು. ಎರಡು ಕಣ್ಣಿಗೂ ಪೊರೆ ಬರುತ್ತಿತ್ತು, ನನ್ನ ಮುಖವನ್ನು ಹತ್ತಿರ ಬಂದು ನೋಡಿ ಗುರುತು ಹಿಡಿದರು. ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ ಎಲ್ಲವನ್ನೂ ತಾವೇ ಹೇಳಿದರು. ಎಸ್ಟೇಟಿನಲ್ಲಿ ನರ್ಸರಿ ನಿಲ್ಲಿಸಿದ್ದರು. ಅರವತ್ತು ದಾಟಿದವರನ್ನು ಎಲ್ಲೂ ಕರೆಯುವುದಿಲ್ಲ. ಈ ಹೋಂಸ್ಟೇಯಲ್ಲಿ ಸಂಬಳದ ಜೊತೆ ಅವರಿಗೂ ಹೆಂಡತಿಗೂ ಒಂದು ಕೋಣೆ ಕೊಟ್ಟಿದ್ದರು. ಆದರೆ ಅಮ್ಮಾವ್ರಿಗೆ ಅವರ ಕಣ್ಣಿನ ಮೇಲೆ ಅನುಮಾನ. ಬೇಸಿಲ್ ಕೊಳ್ಳುವುದನ್ನು ನಿಲ್ಲಿಸಬೇಕು, ಗೌರಿ ಹಬ್ಬದೊಳಗೆ ನೀವೇ ಬೆಳೆದು ತೋರಿಸಿ, ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದರಂತೆ.

"ಒಂದು ನಾಲ್ಕು ಕಡ್ಡಿ ಕೊಡು ಮಗಾ. ನನ್ನ ಕೈಗುಣ ನಿಂಗೆ ಗೊತ್ತಲ್ಲ," ಎಂದರು.

ಗೊತ್ತಿತ್ತು. ಅದೇ ನನ್ನ ಹೆದರಿಕೆ. ಅವರ ಕೈಗೆ ನಾಲ್ಕು ಹೋದರೆ ನಲವತ್ತಾಗುತ್ತಿತ್ತು. ಕೇಳಿದವರಿಗೆ ಇಲ್ಲ ಎನ್ನುವ ಜಾತಿಯವರಲ್ಲ ಅವರು. ಕೊಟ್ಟಿಗೆಹಾರದಿಂದ ಬಾಳೂರಿನವರೆಗೆ ಇರುವ ಎಲ್ಲ ಹೋಂಸ್ಟೇಗೂ ಒಂದೇ ಬೇಸಿಗೆಯಲ್ಲಿ ಪುಕ್ಕಟೆ ಹಂಚಿಬಿಡುತ್ತಿದ್ದರು. ಆ ಎರಡು ವರ್ಷದ ಬೇಸಿಲ್ ದುಡ್ಡಿನಿಂದಲೇ ನಾನು ಅಂಗಡಿಯ ಹಿಂದಿನ ಜಾಗ ಕೊಳ್ಳಲು ಮಾತಾಡಿದ್ದೆ. ಒಳಗೆ ಹೋಗಿ ನಾಲ್ಕು ಒಳ್ಳೆಯ ಕಡ್ಡಿಯನ್ನೇ ಕೊಯ್ದೆ, ಹಂಡೆಗೆ ಅದ್ದಿದೆ.

ಬಚ್ಚಲೊಲೆಯ ಮುಂದೆ ಅವ್ವ ಕೂತಿದ್ದಳು. ಈ ಕೆಲಸ ಅವಳಿಗೆ ಗೊತ್ತಿತ್ತು. ಇವತ್ತು ಯಾರಿಗೇ ಸ್ನಾನ ಎಂದು ಯಾವಾಗಲೂ ಗೇಲಿ ಮಾಡುತ್ತಿದ್ದಳು. ಅಂದು ಹೊರಗಿನ ಧ್ವನಿ ಕೇಳಿ ಗುರುತು ಹಿಡಿದಿದ್ದಳು.

"ಅವ್ರಿಗಾದ್ರೂ ತಣ್ಣೀರು ಹಾಕಬಾರ್ದಾಗಿತ್ತೇನೇ," ಎಂದಳು.

ನಾನು ಹೊರಗೆ ಬಂದೆ. ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟೆ.

ಎರಡು ವಾರ ಬಿಟ್ಟು ಮತ್ತೆ ಬಂದರು. ನಾಲ್ಕೂ ಬುಡದಿಂದ ಕಪ್ಪಾಗಿ ಹೋಗಿದ್ದವಂತೆ. ಗೆಣ್ಣು ಕಾಣದೆ ಮೇಲೆಕೆಳಗೆ ಕೊಯ್ದೆನೋ ಏನೋ ಎಂದು ತಮ್ಮ ಕಣ್ಣನ್ನೇ ಬೈದುಕೊಂಡರು. ಹೇಗೆ ಮಾಡಬೇಕು ಹೇಳು ಎಂದು ನನ್ನನ್ನೇ ಕೇಳಿದರು. ಹೇಳಿಕೊಟ್ಟೆ. ನನಗೆ ಸಲಹೆ ಕೊಡುವುದೆಂದರೆ ಇಷ್ಟ, ಅರ್ಧ ಗಂಟೆ ಹೇಳಿದೆ. ಅಂದು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ನಿಮಗೂ ಅದನ್ನೇ ಹೇಳುತ್ತೇನೆ. ಹೂವಿನ ತೆನೆ ಬಂದ ಕಡ್ಡಿ ಮುಟ್ಟಬೇಡಿ, ಅದಕ್ಕೆ ಬೀಜದ್ದೇ ಚಿಂತೆ, ಬೇರಿನ ಚಿಂತೆ ಇರುವುದಿಲ್ಲ. ಬೆರಳಿಗಿಂತ ಸ್ವಲ್ಪ ಉದ್ದದ ಎಳೆ ಕಡ್ಡಿಯನ್ನು ಗೆಣ್ಣಿನ ಕೆಳಗೇ ಕೊಯ್ಯಿರಿ. ಕೆಳಗಿನ ಎಲೆಗಳನ್ನೆಲ್ಲ ತೆಗೆಯಿರಿ, ನೀರಿನಲ್ಲಿ ಒಂದು ಎಲೆ ಮುಳುಗಿದರೂ ನೀರು ನಾರುತ್ತದೆ. ದಿನ ಬಿಟ್ಟು ದಿನ ನೀರು ಬದಲಾಯಿಸಿ. ಬೆಳಕು ಬೇಕು, ಬಿಸಿಲು ಬೇಡ. ಎಂಟು ಹತ್ತು ದಿನಕ್ಕೆ ಬಿಳಿಯ ಬೇರು ಬರುತ್ತದೆ, ಆಗಲೇ ಅವಸರ ಮಾಡಬೇಡಿ, ಒಂದು ಅಂಗುಲ ಆಗಲಿ. ಮಣ್ಣಿಗೆ ಮರಳು ಸೇರಿಸಿ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ, ಇಲ್ಲದಿದ್ದರೆ ಉದ್ದಕ್ಕೆ ಹೋಗಿ ಹೂ ಬಿಟ್ಟು ಸಾಯುತ್ತದೆ. ಇಷ್ಟನ್ನೂ ಮೇಸ್ತ್ರಿ ತಲೆಯಾಡಿಸುತ್ತ ಕೇಳಿದರು, ಶಾಲೆಗೆ ಹೊಸದಾಗಿ ಬಂದವರ ಹಾಗೆ. ಇದರಲ್ಲಿ ಮುಕ್ಕಾಲು ಪಾಲು ಅವರೇ ನನಗೆ ಕಲಿಸಿದ್ದು. ಕೇಳಿದ ಮೇಲೆ ಆರು ಕಡ್ಡಿ ತೆಗೆದುಕೊಂಡು ಹೋದರು. ಆರಕ್ಕೂ ಸ್ನಾನವಾಗಿತ್ತು.

ಮೂರನೆಯ ಸಲ ಬಂದಾಗ ಹಬ್ಬಕ್ಕೆ ಮೂರು ವಾರ ಉಳಿದಿತ್ತು. ಈ ಸಲ ಕೂರಲಿಲ್ಲ. ಒಂದು ತಗಡಿನ ಡಬ್ಬಿಯಲ್ಲಿ ಮಣ್ಣು ಹದ ಮಾಡಿ ತಂದಿದ್ದರು. ತಳದಲ್ಲಿ ತೂತು, ಮೇಲೆ ಮರಳು, ಎಲ್ಲ ಅಚ್ಚುಕಟ್ಟು.

"ಕಣ್ಣಿಂದಲ್ಲ ಮಗಾ. ನನ್ನ ಕೈಯೇ ಹೋಯ್ತು," ಎಂದರು.

ಅವರೇ ಮುಂದುವರಿಸಿದರು. ಹತ್ತು ಕಡ್ಡಿಯಲ್ಲಿ ಒಂದೂ ಹಿಡಿಯಲಿಲ್ಲ ಎಂದರೆ ಅದು ಕಣ್ಣಿನ ದೋಷವಲ್ಲ, ಕುರುಡ ನೆಟ್ಟರೂ ಹತ್ತರಲ್ಲಿ ಎರಡು ಹಿಡಿಯುತ್ತದೆ. ಹೆಂಡತಿಯ ಕೈಯಲ್ಲೂ ನೆಡಿಸಿ ನೋಡಿದ್ದರಂತೆ. ತಾನು ಮುಟ್ಟಿ ತಂದ ಕಡ್ಡಿ, ಅದಕ್ಕೇ ಆಗಲಿಲ್ಲ ಎಂದರು. ಈಗ ಉಳಿದದ್ದು ಒಂದೇ ದಾರಿ. ನಾನೇ ಕಡ್ಡಿ ತಂದು, ನಾನೇ ಡಬ್ಬಿಯಲ್ಲಿ ನೆಡಬೇಕು, ಅವರು ಡಬ್ಬಿಯನ್ನು ಮಾತ್ರ ಹಿಡಿದುಕೊಂಡು ಹೋಗುತ್ತಾರೆ.

"ನಿನ್ನ ಕೈಗುಣದಲ್ಲಿ ಒಂದಾದ್ರೂ ಬರ್ಲಿ. ಅಮ್ಮಾವ್ರಿಗೆ ಒಂದು ತೋರ್ಸಿದ್ರೆ ಸಾಕು, ನಾವಿಬ್ರೂ ಅಲ್ಲೇ ಇರಬಹುದು."

ಒಳಗೆ ಹೋದೆ. ಅವ್ವ ಒಲೆಯ ಮುಂದೆ ಇರಲಿಲ್ಲ, ಹಿತ್ತಲಿಗೆ ಎದ್ದು ಹೋಗಿದ್ದಳು. ಮೂರು ಕಡ್ಡಿ ಕೊಯ್ದೆ. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ನಿಂತದ್ದು ನಿಜ, ಆದರೆ ಅದನ್ನು ಇಲ್ಲಿ ದೊಡ್ಡದು ಮಾಡುವುದಿಲ್ಲ. ಹಂಡೆಗೆ ಅದ್ದಿದೆ. ನಲವತ್ತು ಎಣಿಸಿದೆ. ಹೊರಗೆ ಬಂದು, ಅವರು ಎರಡೂ ಕೈಯಲ್ಲಿ ಹಿಡಿದಿದ್ದ ಡಬ್ಬಿಯಲ್ಲಿ ಬೆರಳಿನಿಂದ ಗುಳಿ ಮಾಡಿ ಮೂರನ್ನೂ ನೆಟ್ಟೆ, ಬುಡ ಒತ್ತಿದೆ. ಕಾಂಡ ಇನ್ನೂ ಬೆಚ್ಚಗಿತ್ತು. ಅವರು ಡಬ್ಬಿಯನ್ನು ಬಿಟ್ಟು ಬೇರೆಲ್ಲೂ ಕೈ ತಾಗಿಸಲಿಲ್ಲ. ನನ್ನ ನೆರಳು ಅದರ ಮೇಲೆ ಬಿದ್ದರೆ ಒಳ್ಳೆಯದು ಎಂಬಂತೆ ಡಬ್ಬಿಯನ್ನು ನನ್ನ ಹತ್ತಿರವೇ ಹಿಡಿದಿದ್ದರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಮ್ಮಾವ್ರು ಜೀಪು ಕಳಿಸಿದರು. ಮೇಸ್ತ್ರಿ ಹಿಂದಿನ ದಿನವೇ ಕೋಣೆ ಖಾಲಿ ಮಾಡಿ ಹೋಗಿದ್ದರು. ವಯಸ್ಸಾದವರನ್ನು ಇಟ್ಟುಕೊಂಡರೆ ಇದೇ ಗೋಳು, ಪಾಪ ಅಂತ ಎಷ್ಟು ದಿನ ನೋಡೋದು, ಇಡೀ ತೋಟವನ್ನು ನೀನೇ ವಹಿಸಿಕೊ ಎಂದು ಕೇಳಿದರು. ಅವಸರದಲ್ಲಿ ಇರುವವರ ಹತ್ತಿರ ತಕ್ಷಣ ಒಪ್ಪಬಾರದು. ನನಗೆ ಪುರುಸೊತ್ತಿಲ್ಲ ಎಂದೆ. ಅವರು ಏರಿಸಿದರು. ನೀರಿನ ವ್ಯವಸ್ಥೆ ಸರಿಯಿಲ್ಲ ಎಂದೆ. ಇನ್ನೂ ಏರಿಸಿದರು. ಆಮೇಲೆ ಒಪ್ಪಿದೆ.

ತೋಟ ನೋಡುವ ನೆಪದಲ್ಲಿ ಮೇಸ್ತ್ರಿ ಇದ್ದ ಕೋಣೆಯ ಹಿಂದೆ ಹೋದೆ. ಸೂರಿನ ಕೆಳಗೆ ಹಲಗೆಯ ಮೇಲೆ ಸಾಲಾಗಿ ಗಾಜಿನ ಬಾಟಲಿಗಳು. ಪ್ರತಿಯೊಂದರಲ್ಲೂ ಒಂದು ಕಪ್ಪು ಕಡ್ಡಿ. ಹತ್ತೂ ಇದ್ದವು, ಮೊದಲ ಸಲದ ನಾಲ್ಕೂ ಸೇರಿ. ನೀರು ತಿಳಿಯಾಗಿತ್ತು. ಹೊರಡುವ ಬೆಳಿಗ್ಗೆಯೂ ಬದಲಾಯಿಸಿದ್ದರು ಎಂದು ಕಾಣುತ್ತದೆ. ತಗಡಿನ ಡಬ್ಬಿಗೆ ಅಡಿಕೆ ಹಾಳೆಯಿಂದ ಒಂದು ಪುಟ್ಟ ಚಪ್ಪರ ಕಟ್ಟಿದ್ದರು. ಬಾಟಲಿಗಳನ್ನು ತೊಳೆದು ನನ್ನ ಅಂಗಡಿಗೆ ತಂದೆ, ಒಳ್ಳೆಯ ಗಾಜು.

ಅವರನ್ನು ಇನ್ನೊಮ್ಮೆ ನೋಡಿದ್ದು ದೀಪಾವಳಿ ಕಳೆದ ಮೇಲೆ, ಹೊರನಾಡಿಗೆ ಹೋಗುವ ಬಸ್ಸಿನಲ್ಲಿ. ಕಳಸದಲ್ಲಿ ಹೊಸ ಗಿರಾಕಿ ಸಿಕ್ಕಿದ್ದರು, ಬೇರು ಬಂದ ಬೇಸಿಲ್ ಸಸಿಗಳ ಟ್ರೇ ಹಿಡಿದು ಕೊಟ್ಟಿಗೆಹಾರದಲ್ಲಿ ಹತ್ತಿದೆ. ಮಗಾ, ಇಲ್ಲಿ ಬಾ ಎಂದು ಯಾರೋ ಕರೆದರು. ಮೇಸ್ತ್ರಿ. ಧ್ವನಿಯಿಂದಲೇ ನನ್ನನ್ನು ಗುರುತಿಸಿದ್ದರು. ಸರಿದು ಜಾಗ ಕೊಟ್ಟರು. ಹೊರನಾಡಿನಲ್ಲಿ ಒಂದು ಲಾಡ್ಜಿನಲ್ಲಿ ಯಾತ್ರಿಗಳ ರೂಮು ಗುಡಿಸುವ ಕೆಲಸವಂತೆ. ಹೆಂಡತಿ ಅಲ್ಲೇ ಪಾತ್ರೆ ತೊಳೆಯುತ್ತಾಳಂತೆ. ಮಲಗಲು ಮೆಟ್ಟಿಲ ಕೆಳಗೆ ಜಾಗ ಇದೆ, ತೊಂದರೆಯಿಲ್ಲ ಎಂದರು.

ಕಂಡಕ್ಟರ್ ಬಂದ. ಪರ್ಸು ತೆಗೆಯಲು ಟ್ರೇಯನ್ನು ಅವರ ಕಡೆ ಚಾಚಿ, ಒಂದು ನಿಮಿಷ ಹಿಡಿದುಕೊಳ್ಳಿ ಎಂದೆ. ಬೇಸಿಲ್ ವಾಸನೆ ಮೂಗಿಗೆ ಬಡಿದಿರಬೇಕು. ಅವರು ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಿಟಕಿಗೆ ಒತ್ತಿ ಕೂತರು.

"ನನ್ನ ಕೈಗೆ ಕೊಡಬೇಡ ಮಾರಾಯ್ತಿ. ಇಷ್ಟು ಕಷ್ಟಪಟ್ಟು ಬೆಳೆಸಿದ್ದೀಯ."

ಹಿಂದಿನ ಸೀಟಿನ ಹೆಂಗಸನ್ನು ತಾವೇ ಕರೆದು, ಸ್ವಲ್ಪ ಇದನ್ನು ಹಿಡ್ಕೊಳಮ್ಮ ಎಂದು ಕೊಡಿಸಿದರು. ನಾನು ಟಿಕೆಟ್ ತೆಗೆದುಕೊಂಡೆ. ಕಳಸ ಬರುವುದಕ್ಕೆ ಇನ್ನೂ ಒಂದು ಗಂಟೆಗೂ ಹೆಚ್ಚು ದಾರಿಯಿತ್ತು. ಹೇಳಲು ಎರಡು ಮಾತು ಸಾಕಾಗಿತ್ತು. ಹೇಳಿದರೆ ಅವರು ನನ್ನನ್ನು ಬೈಯುವವರೂ ಅಲ್ಲ. ಆದರೆ ಹೊರನಾಡಿನಿಂದ ಹಿಂದೆ ಬಂದು, ಇನ್ನೊಂದು ಹೋಂಸ್ಟೇ ಸೇರಿ, ಇನ್ನೊಂದು ಕಡ್ಡಿ ಸಂಪಾದಿಸುತ್ತಿದ್ದರು. ಅದರ ಬದಲು, ಹಬ್ಬಕ್ಕೆ ಊರಿಗೆ ಹೋಗಿದ್ದಿರಾ ಎಂದು ಕೇಳಿದೆ.

ಕಳಸ ಹತ್ತಿರವಾದಾಗ ಅವರು ಮೆಲ್ಲಗೆ ಇನ್ನೊಂದು ವಿಷಯ ತೆಗೆದರು. ಲಾಡ್ಜಿನ ಮುಂದೆ ತುಳಸಿಕಟ್ಟೆ ಇದೆ. ದಿನಾ ನೀರು ಹಾಕು ಎಂದು ಯಜಮಾನರು ಹೇಳಿದ್ದಾರೆ. ತಾನು ಹಾಕುವುದಿಲ್ಲ, ಹೆಂಡತಿಯ ಕೈಯಲ್ಲಿ ಹಾಕಿಸುತ್ತೇನೆ, ದೇವರ ಗಿಡ ಒಣಗಿದರೆ ಆ ಪಾಪ ಬೇರೆ. ಹಾಗೆ ಮಾಡುವುದು ಸರಿಯಲ್ಲವೇ ಎಂದು ಕೇಳಿದರು.

"ಸರಿ ಮೇಸ್ತ್ರಿ, ಹಾಗೇ ಮಾಡಿ," ಎಂದೆ. "ಹತ್ತಿರನೂ ಹೋಗಬೇಡಿ."

ಅವರು ತಲೆಯಾಡಿಸಿದರು. ನಾನು ಹಿಂದಿನ ಸೀಟಿನವರಿಂದ ಟ್ರೇ ತೆಗೆದುಕೊಂಡು ಕಳಸದಲ್ಲಿ ಇಳಿದೆ.